ಏನೂ ಕಾಣದ ಮೊದಲ ಪುಟ

ಮಕ್ಕಳಿಗೆ ಲಂಡನ್ ತೋರಿಸುತ್ತೇನೆಂದು ಹೊರಟ ಪುಸ್ತಕವೊಂದು ಶುರುವಿನಲ್ಲೇ ಏನನ್ನೂ ತೋರಿಸದೆ ಸತಾಯಿಸುತ್ತದೆ. ಪುಟದ ತುಂಬ ಬರೀ ಬೂದು ಬಣ್ಣ. ಊರಿಗೆ ಮಂಜು ಕವಿದಿದೆಯಂತೆ! ಹಾಳೆ ಮಗುಚಿದ ಮೇಲೆ ಲಂಡನ್ ಪ್ರತ್ಯಕ್ಷ. ಮಿರೊಸ್ಲಾವ್ ಶಾಶೆಕ್ ಬರೆದು ಚಿತ್ರಿಸಿದ ‘ದಿಸ್ ಈಸ್ ಲಂಡನ್’ ಬಂದದ್ದು 1959ರಲ್ಲಿ. ಅಲ್ಲಿಗೆ ಏಳು ವರ್ಷದ ಹಿಂದೆ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ಆ ಊರಿನಲ್ಲಿ ಸಾವಿರಾರು ಜನರನ್ನು ಕೊಂದಿತ್ತು. 1956ರಲ್ಲಿ ಹೊಗೆಗೆ ಕಡಿವಾಣ ಹಾಕುವ ಕಾಯಿದೆಯೂ ಬಂದಿತ್ತು. ಆಗಿನ ಮಗು ಆ ಪುಟ ನೋಡಿ ನಕ್ಕಿರಬೇಕು. ಈಗಿನ ಮಗು ಅಚ್ಚಿನ ತಪ್ಪೆಂದುಕೊಂಡರೂ ಅಚ್ಚರಿಯಿಲ್ಲ.

ಶಾಶೆಕ್ ಪ್ರಾಗ್‌ನವನು, ಹುಟ್ಟಿದ್ದು 1916ರಲ್ಲಿ, ಓದಿದ್ದು ವಾಸ್ತುಶಿಲ್ಪ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ದೇಶ ಬಿಟ್ಟ. ಮ್ಯೂನಿಕ್‌ನ ರೇಡಿಯೊ ಫ್ರೀ ಯುರೋಪ್‌ನಲ್ಲಿ ಕೆಲವು ವರ್ಷ ದುಡಿದ. ಪ್ಯಾರಿಸ್, ಲಂಡನ್, ರೋಮ್ ಎಂದು ಮೂರೇ ಊರಿಗೆ ಮುಗಿಯಬೇಕಿದ್ದ ಮಾಲೆ ಹಾಂಗ್‌ಕಾಂಗ್, ಟೆಕ್ಸಾಸ್, ಆಸ್ಟ್ರೇಲಿಯಾ ಸುತ್ತಿ 1974ರ ಹೊತ್ತಿಗೆ ಹದಿನೆಂಟು ಪುಸ್ತಕಗಳಾದವು. ಅವುಗಳಲ್ಲಿ ಪ್ರಾಗ್ ಇಲ್ಲ. 1980ರಲ್ಲಿ ಅವನು ತೀರಿಕೊಂಡಾಗಲೂ ಅಲ್ಲಿ ಅದೇ ಆಡಳಿತವಿತ್ತು.

ಅವನ ಕಟ್ಟಡಗಳನ್ನು ಗಮನಿಸಿ. ಕಿಟಕಿ, ಕಮಾನು, ಕಂಬಗಳೆಲ್ಲ ವಾಸ್ತುಶಿಲ್ಪಿಯ ಅಚ್ಚುಕಟ್ಟಿನಲ್ಲಿ ನಿಂತಿರುತ್ತವೆ. ಅವುಗಳ ಬುಡದಲ್ಲಿ ಓಡಾಡುವ ಮನುಷ್ಯರು ಮಾತ್ರ ಸೊಟ್ಟ, ಉದ್ದ, ನಗೆ ತರಿಸುವಂಥವರು. ಅರಮನೆಗೆ ಎಷ್ಟು ಮರ್ಯಾದೆಯೋ ಬಸ್ಸಿಗೂ ಪೊಲೀಸಪ್ಪನ ಟೋಪಿಗೂ ಅಷ್ಟೇ. ಹೊಸ ಊರಿಗೆ ಹೋದ ಮಗು ನೋಡುವುದೂ ಹೀಗೆಯೇ ಅಲ್ಲವೇ? ಅದಕ್ಕೆ ಇಸವಿ ಬೇಡ, ಟೋಪಿ ಬೇಕು.

ದೂರದ ನಾಡನ್ನು ಮಕ್ಕಳಿಗೆ ಹೇಳಿದವರೆಲ್ಲ ಹೀಗಿರಲಿಲ್ಲ. ಇಂಗ್ಲೆಂಡಿನ ಫೇವೆಲ್ ಲೀ ಮಾರ್ಟಿಮರ್ ಎಂಬಾಕೆ 1849ರಲ್ಲಿ ಯುರೋಪಿನ ಬಗ್ಗೆ, ಆಮೇಲೆ ಏಷ್ಯಾದ ಬಗ್ಗೆ ಬರೆದ ಮಕ್ಕಳ ಪುಸ್ತಕಗಳಲ್ಲಿ ಒಂದು ದೇಶದವರು ಕೊಳಕರು, ಇನ್ನೊಂದು ದೇಶದವರು ಸೋಮಾರಿಗಳು. ನಮ್ಮವರನ್ನೂ ಬಿಟ್ಟಿಲ್ಲ. ಆಕೆ ಸ್ವದೇಶ ಬಿಟ್ಟು ಹೋದದ್ದೇ ತೀರಾ ಅಪರೂಪ ಎಂಬುದನ್ನು ಎಲ್ಲರೂ ಎತ್ತಿ ಆಡುತ್ತಾರೆ. ನನಗೆ ಅದು ದೊಡ್ಡ ಅಪರಾಧವೆನಿಸುವುದಿಲ್ಲ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ 1936ರಲ್ಲೇ ಕನ್ನಡದ ಮಕ್ಕಳ ಮುಂದೆ ಜಗತ್ತನ್ನು ಚಿತ್ರಸಮೇತ ಹರವಿತು. ಅವರ ಯುರೋಪ್ ಪ್ರವಾಸದ ‘ಅಪೂರ್ವ ಪಶ್ಚಿಮ’ ಬಂದದ್ದು ಬಹಳ ಆಮೇಲೆ. ಕಾಣದ ಊರಿನ ಬಗ್ಗೆ ಬರೆಯಬಹುದು. ಕಾಣುವ ಮೊದಲೇ ತೀರ್ಪು ಕೊಟ್ಟರೆ ಕಷ್ಟ, ಅದೂ ಕೇಳುವವರು ಎಂಟು ವರ್ಷದವರಾಗಿದ್ದಾಗ.

ಶಾಶೆಕ್‌ನ ತಾಪತ್ರಯ ಬೇರೆ. ಊರುಗಳು ಅವನು ಬರೆದಂತೆ ಉಳಿಯಲಿಲ್ಲ. 1963ರಲ್ಲಿ ಅಮೆರಿಕದ ರಾಕೆಟ್ ನೆಲೆ ಕುರಿತು ‘ದಿಸ್ ಈಸ್ ಕೇಪ್ ಕೆನವೆರಲ್’ ತಂದ. ಅದೇ ನವೆಂಬರಿನಲ್ಲಿ ಕೆನಡಿ ಹತ್ಯೆಯಾಗಿ, ಆ ಭೂಶಿರಕ್ಕೆ ಅವರ ಹೆಸರಿಟ್ಟರು. ಪುಸ್ತಕವೂ ‘ಕೇಪ್ ಕೆನಡಿ’ ಆಯಿತು. 1973ರಲ್ಲಿ ಭೂಶಿರಕ್ಕೆ ಹಳೆಯ ಹೆಸರೇ ಮರಳಿತು! ಈ ಶತಮಾನದಲ್ಲಿ ಮರುಮುದ್ರಿಸಿದವರು ಊರಿನ ಗೊಡವೆಯೇ ಬೇಡವೆಂದು, ಚಂದ್ರನಿಗೆ ಹೋಗುವ ದಾರಿ ಇದು ಎಂಬರ್ಥದ ಹೆಸರು ಕೊಟ್ಟರು. ಜಾಣರು.

ಉಳಿದವುಗಳ ಮರುಮುದ್ರಣದಲ್ಲಿ ಮೂಲವನ್ನು ಮುಟ್ಟದೆ, ಬದಲಾದ ಸಂಗತಿಗಳ ಪಕ್ಕ ಒಂದು ಚುಕ್ಕಿ ಗುರುತು ಹಾಕಿ, ‘ಈಗ ಹೀಗಿದೆ’ ಎಂಬ ಪಟ್ಟಿಯನ್ನು ಕೊನೆಯಲ್ಲಿ ಕೊಟ್ಟಿದ್ದಾರೆ. ಚಿತ್ರ ತಿದ್ದುವ ಹುಂಬತನ ಮಾಡಲಿಲ್ಲವಲ್ಲ, ಅದು ಸಮಾಧಾನ. ಆ ಪಟ್ಟಿ ದೊಡ್ಡವರಿಗಿರಲಿ. ಮಕ್ಕಳು ಮೊದಲ ಸಲ ಅದನ್ನು ದಾಟಿಕೊಂಡೇ ಓದಲಿ. ಲಂಡನ್ನಿನ ಆ ಬೂದು ಹಾಳೆ ಯಾಕೆಂದು ಕೇಳಿದರೆ, ಹೊಗೆಯ ಕಥೆಯನ್ನು ಮನೆಯವರೇ ಹೇಳಬಹುದು.