ಇಂಡಕ್ಷನ್ ಒಲೆಗೆ ತಕ್ಕ ಪಾತ್ರೆ: ಹೊಳಪಿಗಿಂತ ತಳ ಮುಖ್ಯ

ಆಹಾರದ ಶುದ್ಧಿಯ ಬಗ್ಗೆ ನಾವು ವಹಿಸುವ ಎಚ್ಚರದ ಅರ್ಧದಷ್ಟನ್ನೂ ಆ ಆಹಾರ ಬೇಯುವ ಪಾತ್ರೆಯ ಬಗ್ಗೆ ವಹಿಸುತ್ತಿಲ್ಲ. ನಮ್ಮ ಹಿರಿಯರ ಅಡುಗೆಮನೆಯಲ್ಲಿ ಈ ಅಲಕ್ಷ್ಯವಿರಲಿಲ್ಲ. ಹುಳಿಯ ಪದಾರ್ಥಕ್ಕೆ ಕಲ್ಲಿನ ಮರಿಗೆ ಅಥವಾ ಮಣ್ಣಿನ ಗಡಿಗೆ, ಅನ್ನಕ್ಕೆ ಕಲಾಯಿ ಮಾಡಿಸಿದ ಹಿತ್ತಾಳೆಯ ಪಾತ್ರೆ, ರೊಟ್ಟಿಗೆ ಕಬ್ಬಿಣದ ಹಂಚು ಎಂಬ ವಿವೇಕ ಅಲ್ಲಿತ್ತು. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸಬಾರದೆಂಬುದನ್ನು ರಸಾಯನಶಾಸ್ತ್ರ ಓದದ ಗೃಹಿಣಿಯೂ ಅರಿತಿದ್ದಳು. ಒಲೆಯ ಸ್ವಭಾವ, ಲೋಹದ ಸ್ವಭಾವ, ಪದಾರ್ಥದ ಸ್ವಭಾವ ಈ ಮೂರನ್ನೂ ಹೊಂದಿಸಿಕೊಳ್ಳುವುದು ಪಾಕದ ಮೊದಲ ಪಾಠವಾಗಿತ್ತು.

ಇಂದು ಒಲೆ ಬದಲಾಗಿದೆ. ಸಣ್ಣ ಊರುಗಳ ಮನೆಗಳಲ್ಲಿಯೂ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲಿಯೂ ಇಂಡಕ್ಷನ್ ಒಲೆ ಬಂದು ಕುಳಿತಿದೆ. ಹೊಗೆಯಿಲ್ಲ, ಜ್ವಾಲೆಯಿಲ್ಲ, ಬೆಂಕಿ ಆರಿ ಅನಿಲ ಸೋರುವ ಭಯವಿಲ್ಲ. ವಯೋವೃದ್ಧರಿರುವ ಮನೆಗೆ ಇದು ನಿಜಕ್ಕೂ ಉಪಕಾರಿ. ಆದರೆ ನಾಲ್ಕಾರು ಅಂಗಡಿ ತಿರುಗಿ ಒಲೆಯನ್ನು ಆರಿಸುವವರು ಅದರ ಮೇಲಿಡುವ ಪಾತ್ರೆಯನ್ನು ‘ಇಂಡಕ್ಷನ್ ಬೇಸ್’ ಎಂಬ ಚೀಟಿಯನ್ನಷ್ಟೇ ಓದಿ ಎರಡು ನಿಮಿಷದಲ್ಲಿ ಕೊಂಡು ಬರುತ್ತಾರೆ. ಪರಿಣಾಮವಾಗಿ ಹಾಲು ತಳ ಹಿಡಿಯುತ್ತದೆ, ಅಂಬಲಿ ಸೀಯುತ್ತದೆ, ಕೆಲವೇ ತಿಂಗಳಲ್ಲಿ ಪಾತ್ರೆಯ ತಳ ಉಬ್ಬುತ್ತದೆ. ದೋಷವೆಲ್ಲ ಒಲೆಯ ತಲೆಗೆ ಬರುತ್ತದೆ. ಇಂಡಕ್ಷನ್ ಅಡುಗೆಯಲ್ಲಿ ಒಲೆಗಿಂತ ಪಾತ್ರೆಯ ಆಯ್ಕೆಯೇ ಮುಖ್ಯವೆಂಬುದೂ, ಐದು ತೆಳು ಪಾತ್ರೆಗಳಿಗಿಂತ ದಪ್ಪ ತಳದ ಒಂದು ಒಳ್ಳೆಯ ಪಾತ್ರೆ ಮನೆಯ ಆರೋಗ್ಯಕ್ಕೂ ಹಣಕ್ಕೂ ಹಿತವೆಂಬುದೂ ನಮ್ಮ ಖಚಿತ ಅಭಿಪ್ರಾಯ. ಹಾಲು, ಚಹಾ, ಗಂಜಿ, ಸಾರುಗಳಿಗೆ ನಿತ್ಯ ಬಳಕೆಯಾಗುವ, ಅಂಗಡಿಯವರು ಸಾಸ್‌ಪ್ಯಾನ್ ಎಂದು ಕರೆಯುವ ಉದ್ದ ಹಿಡಿಕೆಯ ಸ್ಟೀಲು ಪಾತ್ರೆಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸಬಯಸುತ್ತೇವೆ.

ಗ್ಯಾಸ್ ಒಲೆಯಲ್ಲಿ ಜ್ವಾಲೆ ಪಾತ್ರೆಯನ್ನು ಕಾಯಿಸುತ್ತದೆ. ಇಂಡಕ್ಷನ್ ಒಲೆಯಲ್ಲಿ ಶಾಖ ಹುಟ್ಟುವುದೇ ಪಾತ್ರೆಯ ತಳದಲ್ಲಿ. ಗಾಜಿನ ಹಾಸಿನ ಕೆಳಗಿರುವ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಆವರ್ತಗಳ ವಿದ್ಯುತ್ ಹರಿಯುತ್ತದೆ. ಅದರಿಂದ ಉಂಟಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿಯಂತಹ ವಿದ್ಯುತ್ ಪ್ರವಾಹಗಳನ್ನು ಎಬ್ಬಿಸುತ್ತದೆ. ಲೋಹದ ಪ್ರತಿರೋಧದಿಂದ ಆ ಪ್ರವಾಹಗಳು ಶಾಖವಾಗಿ ಮಾರ್ಪಡುತ್ತವೆ. ಅಯಸ್ಕಾಂತಕ್ಕೆ ಅಂಟುವ ಲೋಹದಲ್ಲಿ ಈ ಕ್ರಿಯೆ ತಳದ ಹೊರಮೈಯ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಪದರದಲ್ಲಿ ನಡೆಯುತ್ತದೆ. ಅದೂ ತಳದ ತುಂಬ ಸಮನಾಗಿ ಹರಡಿರದೆ, ಕೆಳಗಿನ ಸುರುಳಿಯ ಆಕಾರಕ್ಕನುಗುಣವಾಗಿ ಬಳೆಯಂತೆ ಕಾಣಿಸಿಕೊಳ್ಳುತ್ತದೆ. ತೆಳು ಪಾತ್ರೆಯಲ್ಲಿ ಹಾಲು ಬಳೆಯಾಕಾರದಲ್ಲಿಯೇ ಸೀದು ಅಂಟಿಕೊಳ್ಳುವುದಕ್ಕೆ ಇದು ಕಾರಣ.

ಸ್ಟೇನ್‌ಲೆಸ್ ಸ್ಟೀಲು ಬಾಳಿಕೆಯಲ್ಲಿ ಶ್ರೇಷ್ಠವಾದರೂ ಶಾಖವನ್ನು ಹರಡುವುದರಲ್ಲಿ ಬಹಳ ಮಂದ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗಿ, ತಾಮ್ರ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಒಯ್ಯಬಲ್ಲವು. ಇದರ ಜೊತೆಗೆ ಕಡಿಮೆ ಬೆಲೆಯ ಅನೇಕ ಒಲೆಗಳು ‘ಸಣ್ಣ ಉರಿ’ಯನ್ನು ನಿರಂತರವಾಗಿ ಕೊಡುವುದಿಲ್ಲ; ಕೆಲವು ಕ್ಷಣ ಜೋರಾಗಿ ಕಾಯಿಸಿ, ಕೆಲವು ಕ್ಷಣ ಸುಮ್ಮನಿದ್ದು, ಮತ್ತೆ ಕಾಯಿಸುತ್ತವೆ. ತೆಳು ತಳವು ಈ ಏರಿಳಿತವನ್ನು ನೇರವಾಗಿ ಹಾಲಿಗೆ ದಾಟಿಸುತ್ತದೆ. ದಪ್ಪ ತಳವು ಶಾಖವನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಮಗುವಿಗೆ ರಾಗಿ ಸರಿ ಕಾಯಿಸುವ ತಾಯಿಗೂ ರೋಗಿಗೆ ಗಂಜಿ ಬೇಯಿಸುವ ಮಗನಿಗೂ ಈ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ತಿದ್ದಬೇಕಾಗಿದೆ. ಅಯಸ್ಕಾಂತ ಅಂಟಿದರೆ ಸ್ಟೀಲು ಕಳಪೆ, ಅಂಟದಿದ್ದರೆ ಅಸಲಿ ಎಂಬ ಮಾತು ಪಾತ್ರೆ ಅಂಗಡಿಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ ತುಕ್ಕು ಹಿಡಿಯದ ಉಕ್ಕಿನ ಕಾಲದಿಂದಲೂ ಈ ಲೋಹದ ರಹಸ್ಯವಿರುವುದು ಕ್ರೋಮಿಯಂನಲ್ಲಿ. ಶೇಕಡಾ 10.5ಕ್ಕೆ ಕಡಿಮೆಯಿಲ್ಲದ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ರಕ್ಷಾಪೊರೆಯನ್ನು ನೇಯುತ್ತದೆ. ಗೀರು ಬಿದ್ದರೆ ತಾನೇ ಮತ್ತೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ನಿಕ್ಕಲ್ ಸೇರಿಸಿದ 304 ದರ್ಜೆಯ ಉಕ್ಕಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತವೆ. 18/8 ಎಂದು ಪಾತ್ರೆಯ ಮೇಲೆ ಬರೆಯುವುದು ಇದನ್ನೇ. ಇದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕ್ಕಲ್ ಇಲ್ಲದ 430 ದರ್ಜೆ ಅಂಟುತ್ತದೆ. ನಿಕ್ಕಲನ್ನು ಕಡಿತಗೊಳಿಸಿ ಮ್ಯಾಂಗನೀಸ್ ಸೇರಿಸಿದ, ಅಗ್ಗದ 200 ಸರಣಿಯ ಉಕ್ಕೂ ಸಾಮಾನ್ಯವಾಗಿ ಅಂಟುವುದಿಲ್ಲ. ಉಪ್ಪು ಮತ್ತು ಹುಳಿಯೆದುರು ಅದರ ತಾಳಿಕೆ 304ಕ್ಕಿಂತ ಕಡಿಮೆ. ಆದ್ದರಿಂದ ಅಂಟದ ಮಾತ್ರಕ್ಕೆ ಉಕ್ಕು ಉತ್ತಮವೆನ್ನಲಾಗದು, ಅಂಟಿದ ಮಾತ್ರಕ್ಕೆ ಕಳಪೆಯೆನ್ನಲಾಗದು. ಅಯಸ್ಕಾಂತವು ಒಂದೇ ಪ್ರಶ್ನೆಗೆ ಉತ್ತರ ಕೊಡಬಲ್ಲದು: ಈ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುತ್ತದೆಯೇ ಇಲ್ಲವೇ ಎಂಬುದು. ಅದಕ್ಕಾಗಿ ತಳದ ಹೊರಮೈಗೆ, ನಡುವಿಗೂ ಅಂಚಿಗೂ ಹಿಡಿದು ನೋಡಬೇಕು; ಎಲ್ಲೆಡೆ ಬಿಗಿಯಾಗಿ ಅಂಟಬೇಕು.

ಹಾಗಾದರೆ ಬಾಳಿಕೆ ಬರುವ ಪಾತ್ರೆ ಯಾವುದು? ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಒಂದೇ ತೆಳು ಹಾಳೆಯಿಂದ ಒತ್ತಿ ಮಾಡಿದ್ದು. ಇದು ಹಗುರ, ಅಗ್ಗ. ಕಾಳು ತುಂಬಿಡಲು ಸಾಕು, ಇಂಡಕ್ಷನ್ ಒಲೆಗೆ ತರವಲ್ಲ. ಎರಡನೆಯದು ಸ್ಟೀಲು ಪಾತ್ರೆಯ ಅಡಿಗೆ ಅಲ್ಯೂಮಿನಿಯಂ ಬಿಲ್ಲೆಯನ್ನು ಕೂಡಿಸಿ, ಅದರ ಮೇಲೆ ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಹೊದಿಕೆ ಮುಚ್ಚಿದ ‘ಸ್ಯಾಂಡ್‌ವಿಚ್’ ತಳದ್ದು. ಬಿಲ್ಲೆ ದಪ್ಪವಾಗಿದ್ದು ಅಂಚಿನವರೆಗೂ ಹರಡಿದ್ದರೆ ಇದು ಒಳ್ಳೆಯ ಪಾತ್ರೆಯೇ. ಆದರೆ ಬಿಲ್ಲೆ ಚಿಕ್ಕದಾಗಿದ್ದರೆ ಅದರ ಅಂಚಿನಾಚೆ ಗಂಜಿ ಸೀಯುತ್ತದೆ. ಬೆಸುಗೆ ಸಡಿಲವಾದರೆ ಪದರದ ನಡುವೆ ನೀರು ಸೇರುತ್ತದೆ. ಮೂರನೆಯದು ಒಳಗೆ 304, ನಡುವೆ ಅಲ್ಯೂಮಿನಿಯಂ, ಹೊರಗೆ 430 ಉಕ್ಕು ಹೀಗೆ ಮೂರು ಪದರಗಳು ತಳದಿಂದ ಕಂಠದವರೆಗೂ ಒಂದಾಗಿರುವ ಟ್ರೈಪ್ಲೈ ಪಾತ್ರೆ. ಬೇಯುವ ಪದಾರ್ಥಕ್ಕೆ ತಗಲುವುದು ತುಕ್ಕು ಹಿಡಿಯದ ಉಕ್ಕು, ಶಾಖ ಹರಡುವುದು ಅಲ್ಯೂಮಿನಿಯಂ, ಒಲೆಗೆ ಓಗೊಡುವುದು ಕಾಂತೀಯ ಉಕ್ಕು. ಒಟ್ಟು ದಪ್ಪ 2.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಇಂತಹ ಪಾತ್ರೆಯನ್ನೇ ನಾವು ಶಿಫಾರಸು ಮಾಡುತ್ತೇವೆ.

ಬೆಲೆಯ ಮಾತು ಬಂದೇ ಬರುತ್ತದೆ. ತೆಳು ಪಾತ್ರೆಗಿಂತ ಟ್ರೈಪ್ಲೈ ಪಾತ್ರೆಗೆ ಹಲವು ಪಟ್ಟು ಹೆಚ್ಚು ಹಣ ಕೊಡಬೇಕಾಗುತ್ತದೆ. ಕೂಲಿಯಿಂದ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಒಂದೇ ಪಾತ್ರೆ ಸಾಕೆನ್ನುತ್ತೇವೆ. ಉಳಿದ ಅಡುಗೆ ಗ್ಯಾಸ್ ಒಲೆಯ ಮೇಲೆ, ಇರುವ ಪಾತ್ರೆಗಳಲ್ಲಿಯೇ ನಡೆಯಲಿ. ಅಷ್ಟೂ ಸಾಧ್ಯವಾಗದಿದ್ದರೆ ಅಗಲವಾದ ದಪ್ಪ ಬಿಲ್ಲೆಯ ಸ್ಯಾಂಡ್‌ವಿಚ್ ತಳದ ಪಾತ್ರೆಯನ್ನು ಕೊಳ್ಳಬಹುದು. ಹಳೆಯ ಪಾತ್ರೆಯ ಕೆಳಗಿಡುವ ಕಬ್ಬಿಣದ ತಟ್ಟೆಯ ಉಪಾಯವನ್ನು ಮಾತ್ರ ನಾವು ಒಪ್ಪುವುದಿಲ್ಲ. ತಟ್ಟೆ ಕಾಯ್ದು ಪಾತ್ರೆ ಕಾಯುವಷ್ಟರಲ್ಲಿ ವಿದ್ಯುತ್ ವ್ಯರ್ಥವಾಗುತ್ತದೆ, ಅತಿಯಾಗಿ ಕಾಯ್ದ ತಟ್ಟೆಯಿಂದ ಒಲೆಯ ಗಾಜಿಗೂ ಅಪಾಯ. ಮದುವೆ, ಗೃಹಪ್ರವೇಶಗಳಲ್ಲಿ ಹೆಸರು ಕೊರೆಸಿ ಮುಯ್ಯಿ ಮಾಡುವ ತೆಳು ಪಾತ್ರೆಗಳು ನಮ್ಮ ಅಟ್ಟಗಳ ತುಂಬ ಇವೆ. ಅಣ್ಣತಮ್ಮಂದಿರು, ಗೆಳೆಯರು ಕೂಡಿ ಒಂದು ದಪ್ಪ ತಳದ ಪಾತ್ರೆಯನ್ನು ಕೊಟ್ಟರೆ ಆ ಹೊಸ ಸಂಸಾರ ಅದನ್ನು ದಿನವೂ ಬಳಸುತ್ತದೆ.

ಕೊಳ್ಳುವಾಗ ನೋಡಬೇಕಾದ ಕೆಲವು ಅಂಶಗಳಿವೆ. ತಳ ಸಮತಟ್ಟಾಗಿರಬೇಕು, ಗಾಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದರೆ ತೂಗಾಡಬಾರದು. ತಳ ಡೊಂಕಾದರೆ ಗಾಜಿನ ಕೆಳಗಿರುವ ಶಾಖ ಅಳೆಯುವ ಸಾಧನಕ್ಕೆ ತಪ್ಪು ಮಾಹಿತಿ ಹೋಗಿ, ತಾನಾಗಿ ಆರಬೇಕಾದ ಒಲೆ ತಡವಾಗಿ ಆರಬಹುದು. ತಳದ ವ್ಯಾಸ 12 ಸೆಂಟಿಮೀಟರಿಗಿಂತ ಚಿಕ್ಕದಾದರೆ ಅನೇಕ ಒಲೆಗಳು ಪಾತ್ರೆಯನ್ನು ಗುರುತಿಸುವುದೇ ಇಲ್ಲ. ನಾಲ್ಕು ಜನರ ಮನೆಗೆ 16 ಸೆಂಟಿಮೀಟರ್ ಅಗಲದ, ಸುಮಾರು ಒಂದೂವರೆ ಲೀಟರ್ ಹಿಡಿಸುವ ಪಾತ್ರೆ ಅನುಕೂಲ. ಒಂದು ಲೀಟರ್ ಹಾಲು ಹಾಕಿದರೂ ಉಕ್ಕಲು ಮೂರನೆಯ ಒಂದು ಭಾಗ ಜಾಗ ಉಳಿಯುತ್ತದೆ. ಅದಕ್ಕಿಂತ ದೊಡ್ಡ ದಪ್ಪ ಪಾತ್ರೆಯನ್ನು ತುಂಬಿದಾಗ ಒಂದೇ ಕೈಯಿಂದ ಎತ್ತುವುದು ಮುಪ್ಪಿನವರ ಮಣಿಕಟ್ಟಿಗೆ ಭಾರ. ಹಿಡಿಕೆಯನ್ನು ಗಟ್ಟಿಯಾದ ರಿವೆಟ್‌ಗಳಿಂದ ಕೂಡಿಸಿರಬೇಕು. ಚುಕ್ಕಿ ಬೆಸುಗೆಯ ಹಿಡಿಕೆ ಕುದಿಯುವ ಹಾಲಿನೊಡನೆ ಕಳಚಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಗುಣಮಟ್ಟದ ಗುರುತನ್ನೂ ಕೇಳಿ ಪಡೆಯಬೇಕು. ಸ್ಟೇನ್‌ಲೆಸ್ ಸ್ಟೀಲಿನ ಅಡುಗೆ ಪಾತ್ರೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ ರೂಪಿಸಿದ ಮಾನಕದ ಸಂಖ್ಯೆ ಐಎಸ್ 14756. ಇಂತಹ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿತು. ‘ಫುಡ್ ಗ್ರೇಡ್’ ಎಂಬ ಬಣ್ಣದ ಚೀಟಿಗಿಂತ ಲೋಹದ ಮೇಲೆ ಅಚ್ಚೊತ್ತಿದ ಗುರುತೇ ನಂಬಲರ್ಹ. ಗುರುತಿನೊಡನೆ ಇರುವ ಪರವಾನಗಿ ಸಂಖ್ಯೆಯನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದುದು ಇನ್ನೂ ಇದೆ. ಹುಣಸೆ, ಟೊಮೆಟೊಗಳಂತಹ ಹುಳಿ ಪದಾರ್ಥವನ್ನು ಹೆಚ್ಚು ಹೊತ್ತು ಕುದಿಸಿದರೆ ಸ್ಟೀಲಿನಿಂದಲೂ ಅತ್ಯಲ್ಪ ಪ್ರಮಾಣದ ನಿಕ್ಕಲ್, ಕ್ರೋಮಿಯಂ ಆಹಾರಕ್ಕೆ ಇಳಿಯುತ್ತವೆ. ಹೊಸ ಪಾತ್ರೆಯಲ್ಲಿ ಇದು ಹೆಚ್ಚು, ಬಳಸುತ್ತ ಹೋದಂತೆ ಕಡಿಮೆ. ಆರೋಗ್ಯವಂತರು ಇದಕ್ಕೆ ಹೆದರಬೇಕಾಗಿಲ್ಲ. ಸಾರು ಮಾಡಿದ ಪಾತ್ರೆಯಲ್ಲಿಯೇ ಅದನ್ನು ರಾತ್ರಿಯೆಲ್ಲ ಬಿಡದೆ ಪಿಂಗಾಣಿ ಅಥವಾ ಗಾಜಿನ ಬಟ್ಟಲಿಗೆ ತೆಗೆದಿಟ್ಟರೆ ಸಾಕು. ಆಭರಣದ ನಿಕ್ಕಲ್‌ನಿಂದ ಚರ್ಮ ಕೆರೆಯುವ ಅಲರ್ಜಿಯುಳ್ಳವರು ನಿಕ್ಕಲ್ ಇಲ್ಲದ 18/0 ಉಕ್ಕಿನ ಪಾತ್ರೆಯನ್ನು ಆರಿಸಬಹುದು. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುವ ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿದ್ದು, ತಮ್ಮ ವೈದ್ಯರ ಸಲಹೆಯಂತೆ ನಡೆಯಬೇಕು. ಪಾತ್ರೆ ಚಿಕ್ಕದಾಗಿದ್ದರೆ ಅಥವಾ ಸುರುಳಿಯ ನಡುವಿನಿಂದ ಸರಿದಿದ್ದರೆ ಕಾಂತಕ್ಷೇತ್ರ ಹೊರಚೆಲ್ಲುವುದು ಹೆಚ್ಚು. ತಕ್ಕ ಅಳತೆಯ ಪಾತ್ರೆ ಈ ದೃಷ್ಟಿಯಿಂದಲೂ ಅಗತ್ಯ.

ಒಳ್ಳೆಯ ಪಾತ್ರೆಯೂ ಒಳ್ಳೆಯ ಕೈಯಲ್ಲಿದ್ದರೆ ಮಾತ್ರ ಬಾಳುತ್ತದೆ. ಉಪ್ಪನ್ನು ತಣ್ಣೀರಿಗೆ ಹಾಕಬಾರದು. ಕರಗದೆ ತಳದಲ್ಲಿ ಕುಳಿತ ಉಪ್ಪು ರಕ್ಷಾಪೊರೆಯನ್ನು ಭೇದಿಸಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ನೀರು ಕುದಿಯತೊಡಗಿದ ಮೇಲೆ ಹಾಕಿ ಕದಡಬೇಕು. ಖಾಲಿ ಪಾತ್ರೆಯನ್ನು ಪೂರ್ಣ ಶಕ್ತಿಯಲ್ಲಿ ಕಾಯಿಸಬಾರದು, ಕಾದ ಪಾತ್ರೆಗೆ ಒಮ್ಮೆಲೇ ತಣ್ಣೀರು ಸುರಿಯಬಾರದು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಕುಗ್ಗುವುದರಿಂದ ತಳ ಡೊಂಕಾಗುವುದು ಇಂತಹ ಸಂದರ್ಭಗಳಲ್ಲಿಯೇ. ತಳ ಹಿಡಿದರೆ ಕಬ್ಬಿಣದ ನಾರಿನಿಂದ ಉಜ್ಜದೆ, ಅಡುಗೆ ಸೋಡಾ ಬೆರೆಸಿದ ನೀರನ್ನು ಕುದಿಸಿ ನೆನೆಯಿಟ್ಟು, ತೆಂಗಿನ ನಾರಿನಿಂದ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆಗಳೂ ಕಾವಿನಿಂದ ಮೂಡುವ ಕಾಮನಬಿಲ್ಲಿನ ಬಣ್ಣವೂ ಲಿಂಬೆ ಅಥವಾ ಹುಣಸೆಯ ರಸಕ್ಕೆ ಬಿಡುತ್ತವೆ. ಅವು ಪಾತ್ರೆ ಕೆಟ್ಟುದರ ಲಕ್ಷಣಗಳಲ್ಲ.

ಪಾತ್ರೆಯನ್ನು ಹೊಳಪಿನಿಂದ ಅಳೆಯುವ ರೂಢಿಯನ್ನು ನಾವು ಬಿಡಬೇಕಾಗಿದೆ. ಹೊಳಪು ಎಲ್ಲ ಹೊಸ ಪಾತ್ರೆಗಳಿಗೂ ಇರುತ್ತದೆ. ವರ್ಷಗಳ ಬಳಿಕವೂ ಹಾಲನ್ನು ಸೀಯಿಸದೆ ಕಾಯಿಸುವ ಗುಣ ಕೆಲವಕ್ಕೆ ಮಾತ್ರ. ಮುಂದಿನ ಸಲ ಅಂಗಡಿಗೆ ಹೋದಾಗ ವಾಚಕರು ಪಾತ್ರೆಯನ್ನು ಮೊದಲು ಮಗುಚಿ ಹಿಡಿಯಲಿ, ತಳದ ದಪ್ಪ ಮತ್ತು ಅಗಲವನ್ನು ನೋಡಲಿ, ಅಚ್ಚೊತ್ತಿದ ಗುರುತನ್ನು ಓದಲಿ, ಬೆಲೆಯನ್ನು ಆಮೇಲೆ ಕೇಳಲಿ.