ವಿಲ್ ರದ್ದಾದರೆ ಮಗ್ಗುಲು ಹೊರಳಿಸುವವರು ಯಾರು?

ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟುಹೋಗಿದ್ದಾರೆ ಎಂಬ ಸಂಗತಿ 2025ರ ಮಾರ್ಚಿನಲ್ಲಿ ಹೊರಬಿತ್ತು. ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಸೂಚನೆ ಕೊಟ್ಟರು: ಇಂಥ ಮಕ್ಕಳ ಮೇಲೆ ದೂರು ಕೊಡಿ, ಅವರ ಹೆಸರಿಗಾದ ಆಸ್ತಿ ವರ್ಗಾವಣೆ, ವಿಲ್ ರದ್ದು ಮಾಡಿಸಿ. ಊರ ಕಟ್ಟೆಗಳ ಮೇಲೂ ‘ಛಲೋ ಮಾಡಿದ್ರು’ ಎಂಬ ಮಾತೇ ಕೇಳಿಬಂತು.

ನನಗೆ ತಕರಾರಿದೆ. ಹೆತ್ತವರನ್ನು ವಾರ್ಡಿನಲ್ಲಿ ಬಿಟ್ಟು ಫೋನ್ ಬಂದ್ ಮಾಡಿಕೊಳ್ಳುವವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 24ನೇ ಕಲಮು ಅದಕ್ಕೆ ಮೂರು ತಿಂಗಳವರೆಗಿನ ಸಜೆಯನ್ನೂ ಇಟ್ಟಿದೆ. ಆದರೆ ವಿಲ್ ಬರೆದವರು ಉಸಿರಿರುವವರೆಗೆ ಅದನ್ನು ತಾವೇ ಬದಲಿಸಬಹುದು, ಹರಿದೂ ಹಾಕಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟ ನಂತರ ಮಕ್ಕಳು ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಲು 23ನೇ ಕಲಮು ಆಗಲೇ ಇದೆ. ಹಾಗಾದರೆ ಈ ಸೂಚನೆಯಿಂದ ವಾರ್ಡಿನಲ್ಲಿ ಬಿದ್ದ ಮುದುಕಿಗೆ ಹೊಸದಾಗಿ ಸಿಕ್ಕಿದ್ದೇನು?

ಆಸ್ತಿಯೇ ಇಲ್ಲದವರ ಮಾತಂತೂ ಬೇರೆಯೇ. ವಿಜಯಪುರ ಜಿಲ್ಲೆಯನ್ನೇ ನೋಡಿ: ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಿಂದ ಹಿಡಿದು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳವರೆಗೆ ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳೆಲ್ಲ ಗೋವಾ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮೊಮ್ಮಕ್ಕಳು. ಕೈಯಲ್ಲಿರುವುದು ಸಂಧ್ಯಾ ಸುರಕ್ಷಾದ ತಿಂಗಳಿಗೆ 1,200 ರೂಪಾಯಿ. ಅಜ್ಜನಿಗೆ ಲಕ್ವಾ ಹೊಡೆದರೆ ಮಗ ಗೋವಾದ ಪಗಾರ ಬಿಟ್ಟು ಓಡಿಬರುತ್ತಾನೆ, ಸಾಲ ಮಾಡಿ ಆಸ್ಪತ್ರೆಗೆ ಸೇರಿಸುತ್ತಾನೆ. ಎಂಟು ದಿನಕ್ಕೆ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ಆಮೇಲೆ? ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದನ್ನು ಅವನಿಗೆ ಕಲಿಸಿದವರಿಲ್ಲ, ಕಲಿತರೂ ಗೋವಾ ಕಾಯುವುದಿಲ್ಲ. ಕೆಲವರು ಅಲ್ಲೇ ಬಿಟ್ಟು ಹೋಗುತ್ತಾರೆ. ಇದನ್ನು ಸಮರ್ಥಿಸುತ್ತಿಲ್ಲ. ಆದರೆ ಇಂಥವನ ಹೆಸರಿನ ಯಾವ ಉತಾರ ರದ್ದು ಮಾಡುತ್ತೀರಿ?

ಬಿಟ್ಟುಹೋದವರನ್ನು ವೃದ್ಧಾಶ್ರಮಕ್ಕೆ ಸಾಗಿಸಿದರೆ ಕೆಲಸ ಮುಗಿಯಿತು ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ವೃದ್ಧಾಶ್ರಮದ ತೊಡಕುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಉದಾಹರಣೆ ಹಿಡಿಯಿರಿ. ಅಜ್ಜಿಯೊಬ್ಬರು ರಾತ್ರಿ ಪಾಯಖಾನೆಗೆ ಎದ್ದು ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡರು. ಮೇಲ್ವಿಚಾರಕರು ಆಜ್ಞೆ ಹೊರಡಿಸುತ್ತಾರೆ: ರಾತ್ರಿ ಯಾರೂ ಏಳಕೂಡದು. ಏಳಬಾರದೆಂದು ಡೈಪರ್ ಹಾಕುತ್ತಾರೆ; ಡೈಪರ್ ತುಟ್ಟಿ, ಹಾಗಾಗಿ ಬೆಳಗಿನವರೆಗೆ ಒಂದೇ. ಚರ್ಮ ತೊಯ್ದು ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಹಾಸಿಗೆ ಹುಣ್ಣು ತಡೆಯಲು ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಬೇಕು. ರಾತ್ರಿ ಪಾಳಿಯಲ್ಲಿರುವುದು ಒಬ್ಬಳೇ ಆಯಾ. ಎಚ್ಚತ್ತವರು ಕೂಗಾಡುತ್ತಾರೆಂದು ನಿದ್ದೆ ಗುಳಿಗೆ ಬರುತ್ತದೆ. ಗುಳಿಗೆಯ ಮಂಪರಿನಲ್ಲಿ ಇನ್ನೊಬ್ಬರು ಬೀಳುತ್ತಾರೆ. ಆಜ್ಞೆ ಪಾಲನೆಯಾಯಿತು, ಬೀಳುವುದು ನಿಲ್ಲಲಿಲ್ಲ.

ಆ ಅಜ್ಜಿ ರಾತ್ರಿ ಮೂರು ಸಲ ಯಾಕೆ ಏಳುತ್ತಾರೆ ಎಂದು ಆಯಾಳನ್ನು ಕೇಳಿದ್ದರೆ ಹೇಳುತ್ತಿದ್ದಳು: ಮೂತ್ರ ಹೋಗಿಸುವ ಗುಳಿಗೆಯನ್ನು ಸಂಜೆ ಊಟದ ಜೊತೆ ಕೊಡುತ್ತಿದ್ದೇವೆ, ಓಣಿಯ ಬಲ್ಬು ಉರಿಯುವುದಿಲ್ಲ, ಪಾಯಖಾನೆಯ ಹತ್ತಿರ ಹಿಡಿದುಕೊಳ್ಳಲು ಕಂಬಿ ಇಲ್ಲ. ವೈದ್ಯರನ್ನು ಕೇಳಿ ಗುಳಿಗೆಯನ್ನು ಬೆಳಿಗ್ಗೆಗೆ ಬದಲಿಸಲು, ಬಲ್ಬು ಹಾಕಿಸಲು ಲಕ್ಷಗಟ್ಟಲೆ ಅನುದಾನ ಬೇಕಿಲ್ಲ. ಬೇಕಾದದ್ದು ಆಯಾಳ ಎದುರಿಗೆ ಕೂತು ಅವಳ ಮಾತು ಕೇಳುವ ಮುಖ್ಯಸ್ಥ. ಬಿದ್ದದ್ದನ್ನು ಹೇಳಿದವಳ ಪಗಾರ ಕತ್ತರಿಸಿದರೆ, ಮುಂದಿನ ಸಲ ಬಿದ್ದವರ ಸುದ್ದಿಯೇ ಹೊರಬರುವುದಿಲ್ಲ. ನಾಯಕತ್ವ ಅಂದರೆ ನನ್ನ ಪ್ರಕಾರ ಇಲ್ಲಿಂದ ಶುರುವಾಗಬೇಕು: ತಪ್ಪನ್ನು ಹೇಳಿದವರಿಗೆ ರಕ್ಷಣೆ, ವಾರಕ್ಕೊಮ್ಮೆ ಆಯಾ, ಅಡುಗೆಯವರು, ನರ್ಸು ಎಲ್ಲರೂ ಒಟ್ಟಿಗೆ ಕೂತು ಒಬ್ಬೊಬ್ಬ ಹಿರಿಯರ ಬಗ್ಗೆ ಮಾತಾಡುವ ರೂಢಿ, ಸಣ್ಣ ಬದಲಾವಣೆ ಮಾಡಿ ನೋಡಿ ತಿದ್ದಿಕೊಳ್ಳುವ ತಾಳ್ಮೆ.

ದಾನಿಗಳಿಗೂ ಒಂದು ಮಾತು. ಬಸವಣ್ಣನವರ ನಾಡಿನಲ್ಲಿ ದಾಸೋಹಕ್ಕೆ ಕೊರತೆಯಿಲ್ಲ. ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ವೃದ್ಧಾಶ್ರಮದಲ್ಲಿ ಹೋಳಿಗೆ ಊಟ ಹಾಕಿಸುವವರು ಬಹಳ. ಶುಗರ್ ಇದ್ದವರೂ ಉಣ್ಣುತ್ತಾರೆ, ಫೋಟೋ ಆಗುತ್ತದೆ. ಆ ದುಡ್ಡು ಇನ್ನೊಬ್ಬ ರಾತ್ರಿ ಆಯಾಳ ಪಗಾರಕ್ಕೆ ಹೋದರೆ ಅದೂ ದಾಸೋಹವೇ.

‘ವೃದ್ಧಾಶ್ರಮ ಹೆಚ್ಚಾದರೆ ಬಿಟ್ಟುಹೋಗುವ ಮಕ್ಕಳೂ ಹೆಚ್ಚಾಗುತ್ತಾರೆ’ ಎನ್ನುವವರಿದ್ದಾರೆ. ಈ ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಮನೆಯಲ್ಲೇ ಆರೈಕೆ ಸಿಗುವ ಹಾಗೆ ಮಾಡುವುದು. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಶುರುಮಾಡಿದ ಉಪಶಾಮಕ ಆರೈಕೆ ಊರಿನ ಸ್ವಯಂಸೇವಕರ ಕೈಗೆ ಬಂತು. 2008ರಲ್ಲಿ ಸರಕಾರ ಅದನ್ನು ನೀತಿಯನ್ನಾಗಿ ಮಾಡಿತು. ಪಂಚಾಯ್ತಿಯ ನರ್ಸು ಹಾಸಿಗೆ ಹಿಡಿದವರ ಮನೆ ಬಾಗಿಲಿಗೆ ಬರುತ್ತಾಳೆ, ಹುಣ್ಣು ತೊಳೆಯುವುದನ್ನು ಸೊಸೆಗೆ ಕಲಿಸುತ್ತಾಳೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆ ಗೊತ್ತು. ಅವರ ಮೇಲೆ ಇನ್ನೊಂದು ಹೊರೆ ಹಾಕಿ ಎನ್ನುತ್ತಿಲ್ಲ. ಅವರು ತೋರಿಸಿದ ಮನೆಗೆ ಹೋಗಲು ಪಗಾರ ಕೊಟ್ಟು ಒಬ್ಬ ನರ್ಸನ್ನು ನೇಮಿಸಿ ಎನ್ನುತ್ತಿದ್ದೇನೆ.

ಹೊಸ ಕಾಯ್ದೆಗೆ ಕಾಯುವ ಅಗತ್ಯವಿಲ್ಲ. 2007ರ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಗೆ ಕನಿಷ್ಠ 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತಾಡುತ್ತದೆ. ಕೇಂದ್ರದ ಅನುದಾನ ಸಿಗುವುದು ಸಾಮಾನ್ಯವಾಗಿ 25 ಜನರ ಆಶ್ರಮಗಳಿಗೆ. ಈ ಎರಡರ ನಡುವಿನ ಅಂತರವನ್ನು ಯಾರು ತುಂಬುತ್ತಾರೆ ಎಂದು ಜಿಲ್ಲಾಡಳಿತ ಹೇಳಬೇಕು. ಇದೇ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೊಡಿಸುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಕೈಯಲ್ಲಿದೆ. ಸಿಂದಗಿ ಕಡೆಯವರು ಅದಕ್ಕಾಗಿ ಇಂಡಿಗೆ ಹೋಗಬೇಕು. ಲಕ್ವಾ ಹೊಡೆದವರು ಬಸ್ಸು ಹತ್ತಿ ಇಂಡಿಗೆ ಹೋಗಲಾರರು. ಆದರೆ ಯಾರೂ ಅರ್ಜಿ ಕೊಡದಿದ್ದರೂ ತಾವಾಗಿಯೇ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರ 5ನೇ ಕಲಮಿನಲ್ಲಿ ನ್ಯಾಯಮಂಡಳಿಗಿದೆ.

ಇಂಡಿಯ ಉಪವಿಭಾಗಾಧಿಕಾರಿಗಳಲ್ಲಿ ಕೇಳಿಕೊಳ್ಳುವುದಿಷ್ಟೇ: ತಿಂಗಳಿಗೊಮ್ಮೆ ಸಿಂದಗಿಯಲ್ಲೇ ಕೂತು ವಿಚಾರಣೆ ಮಾಡಿ. ಬರುವಾಗ ವೃದ್ಧಾಶ್ರಮಕ್ಕೆ ರಾತ್ರಿ ಹೊತ್ತಿನಲ್ಲಿ ಹೋಗಿ, ಪಾಳಿಯಲ್ಲಿರುವ ಆಯಾಳನ್ನು ಮಾತಾಡಿಸಿ. ಓದುಗರೇ, ನಿಮ್ಮ ಓಣಿಯಲ್ಲಿ ಆಸರೆಯಿಲ್ಲದ ಹಿರಿಯರಿದ್ದರೆ ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಕರೆ ಉಚಿತ.