ಕಾಣದೆ ಉಳಿದ ನೆರೆಯೂರುಗಳು

ಸೂಟಿಯ ದಿನಗಳು ಸಮೀಪಿಸುತ್ತಲೆ ಹುಬ್ಬಳ್ಳಿ-ಧಾರವಾಡಗಳ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಈ ಸಲ ಎಲ್ಲಿಗೆ ಹೋಗುವುದು? ಉತ್ತರವೂ ಬಹುಮಟ್ಟಿಗೆ ಒಂದೇ. ಗೋವೆಯ ಕಡಲ ದಂಡೆ, ಊಟಿಯ ಗುಡ್ಡ, ಮೈಸೂರಿನ ದಸರೆ. ಅದು ತಪ್ಪಿದರೆ ದಾಂಡೇಲಿಯ ಕಾಡು. ಹೋದವರು ವಾಹನಗಳ ಸಾಲಿನಲ್ಲಿ ಅರ್ಧ ದಿನವನ್ನೂ ಚೀಟಿಯ ಸಾಲಿನಲ್ಲಿ ಉಳಿದರ್ಧವನ್ನೂ ಕಳೆದು, ಮೊದಲೇ ಎಷ್ಟೋ ಸಲ ಚಿತ್ರದಲ್ಲಿ ಕಂಡುದನ್ನು ಜನರ ಹೆಗಲುಗಳ ನಡುವಿನಿಂದ ಇನ್ನೊಮ್ಮೆ ಕಂಡು ದಣಿದು ಮರಳುತ್ತಾರೆ. ಅವರ ಸಂತೋಷವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕಡಲನ್ನು ಕಾಣದ ಮಗುವಿಗೆ ಕಡಲನ್ನು ತೋರಿಸಲೇಬೇಕು. ಆದರೆ ಕಡಲನ್ನು ನಾಲ್ಕು ಸಲ ಕಂಡ ಮಗು, ಮನೆಯಿಂದ ಒಂದೆರಡು ತಾಸಿನ ಹಾದಿಯಲ್ಲಿರುವ ಅಣ್ಣಿಗೇರಿಯನ್ನು ಒಮ್ಮೆಯೂ ಕಾಣದೆ ಬೆಳೆಯುತ್ತಿರುವುದು ವಿಚಾರಮಾಡತಕ್ಕ ಸಂಗತಿ.

ನಮ್ಮ ಹಿಂದಿನವರು ತಮ್ಮನ್ನು ಪ್ರವಾಸಿಗಳೆಂದು ಕರೆದುಕೊಂಡವರಲ್ಲ. ಆದರೂ ಅವರು ಸುತ್ತಣ ಊರುಗಳನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಜಾತ್ರೆ, ಸಂತೆ, ಮದುವೆ, ಸೂಟಿಯಲ್ಲಿ ಸೋದರಮಾವನ ಮನೆ, ಇವೇ ಅವರ ಪ್ರಯಾಣದ ನೆವಗಳು. ಸವಣೂರಿನ ವೀಳ್ಯದೆಲೆ, ನವಲಗುಂದದ ಜಮಖಾನೆ, ಗರಗದ ಖಾದಿ, ಬೆಟಗೇರಿಯ ಮಗ್ಗ, ಇವೆಲ್ಲ ಮಕ್ಕಳಿಗೆ ಪಾಠವಾಗಿ ಅಲ್ಲ, ಬಳಗದ ಊರಿನ ಗುರುತಾಗಿ ತಿಳಿದುಬರುತ್ತಿದ್ದವು. ಈಗ ಸೋದರಮಾವ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇದ್ದಾನೆ. ಮದುವೆ ಹೆದ್ದಾರಿಯ ಬದಿಯ ಕಲ್ಯಾಣಮಂಟಪದಲ್ಲಿ ನಡೆಯುತ್ತದೆ. ಬಳಗದ ದಾರಿ ಮುಚ್ಚಿದ ಮೇಲೆ ಆ ಊರುಗಳಿಗೆ ಹೋಗಲು ನಮಗೆ ಬೇರೊಂದು ಕಾರಣ ಉಳಿಯಲಿಲ್ಲ. ನಾವು ಹುಡುಕಿಕೊಳ್ಳಲೂ ಇಲ್ಲ.

ಇದರಿಂದಾದ ಹಾನಿ ಏನೆಂಬುದನ್ನು ಅಧ್ಯಾಪಕರು ಎಲ್ಲರಿಗಿಂತ ಮೊದಲು ಬಲ್ಲರು. ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆಂದು ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆ ಪುಲಿಗೆರೆಯೇ ತಾವು ಬಸ್ಸಿನ ಫಲಕದ ಮೇಲೆ ನಿತ್ಯ ಓದುವ ಲಕ್ಷ್ಮೇಶ್ವರವೆಂಬುದು ಎಷ್ಟು ಜನರ ಲಕ್ಷ್ಯಕ್ಕೆ ಬಂದಿದೆ? ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕವಿಯ ತಮ್ಮ ಜಿನವಲ್ಲಭನ ಶಾಸನ ಹೇಳುತ್ತದೆ. ಹಾಗಾದರೆ ಆದಿಕವಿಯ ತಾಯಿಯ ತವರಿನ ಬೇರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಕುಮಾರವ್ಯಾಸನ ಊರು ಕೋಳಿವಾಡ ಹುಬ್ಬಳ್ಳಿ ತಾಲೂಕಿನದು. ಆತ ಭಾರತವನ್ನು ರಚಿಸಿದನೆಂದು ಪ್ರತೀತಿಯಿರುವ ವೀರನಾರಾಯಣನ ಗುಡಿ ಗದುಗಿನದು. ಇಷ್ಟು ಸಮೀಪದ ಹೆಸರುಗಳು ದೂರದ ಯಾವುದೋ ದೇಶದ ಹೆಸರುಗಳಂತೆ ಬಾಯಿಪಾಠವಾಗುತ್ತಿವೆ. ಕಣ್ಣಿಂದ ಕಾಣದ ಊರು ಮಗುವಿಗೆ ತನ್ನದಾಗುವುದಿಲ್ಲ. ತನ್ನದಲ್ಲದ್ದು ನಾಳೆ ಹಾಳಾದರೆ ಅದಕ್ಕಾಗಿ ಮರುಗುವವರೂ ಇರುವುದಿಲ್ಲ.

ಹುಬ್ಬಳ್ಳಿಯಿಂದ ಗದುಗಿಗೆ ರೈಲಿನ ಹಾದಿ ಅರವತ್ತು ಕಿಲೋಮೀಟರಿನೊಳಗೆ. ನಡುವೆಯೇ ಅಣ್ಣಿಗೇರಿ. ಅಲ್ಲಿಯ ಅಮೃತೇಶ್ವರನ ಗುಡಿ ಹನ್ನೊಂದನೆಯ ಶತಕದ್ದು. ಬಾದಾಮಿಯ ಕೆಂಪು ಮರಳುಗಲ್ಲನ್ನು ಬಿಟ್ಟು ಮೃದುವಾದ ಬಳಪದ ಕಲ್ಲನ್ನು ಹಿಡಿದ ಮೇಲೆ ಶಿಲ್ಪಿಯ ಉಳಿ ಎಷ್ಟು ಸೂಕ್ಷ್ಮವಾಯಿತೆಂಬುದನ್ನು ಇಲ್ಲಿಯೂ ಲಕ್ಕುಂಡಿಯ ಕಾಶೀವಿಶ್ವೇಶ್ವರನ ಬಾಗಿಲವಾಡದಲ್ಲಿಯೂ ಶಾಲೆಯ ಮಗು ಸಹ ಬೆರಳುಮಾಡಿ ತೋರಿಸಬಲ್ಲದು. ಗದುಗಿನಿಂದ ಲಕ್ಕುಂಡಿ ಸುಮಾರು ೧೨ ಕಿಲೋಮೀಟರು. ಅಲ್ಲಿಯ ಬ್ರಹ್ಮಜಿನಾಲಯವನ್ನು ೧೦೦೭ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ರನ್ನನಿಗೆ ಆಶ್ರಯವಿತ್ತವಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅವಳೇ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಪುಸ್ತಕ ಉಳಿಯಬೇಕೆಂದು ಹಟತೊಟ್ಟ ಆ ಮಹಾತಾಯಿಯ ಕಥೆಯನ್ನು ಅವಳು ಕಟ್ಟಿಸಿದ ಕಂಬದ ನೆರಳಿನಲ್ಲಿ ಕೂತು ಹೇಳಿದರೆ ಮಗು ಮರೆತೀತೆ? ಮರಳುವಾಗ ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿದೆ. ಕಣ್ಣಿಲ್ಲದ ಮಕ್ಕಳು ಅಲ್ಲಿ ಸ್ವರ ಹಿಡಿಯುವುದನ್ನು ಕೇಳಿದ ನಮ್ಮ ಮಕ್ಕಳು ಸ್ವಲ್ಪ ಹೊತ್ತಾದರೂ ಸುಮ್ಮನಾಗುವರು.

ದಕ್ಷಿಣದ ದಾರಿ ಹಿಡಿದವರಿಗೂ ಕೊರತೆಯಿಲ್ಲ. ಸವಾಯಿ ಗಂಧರ್ವರ ಕುಂದಗೋಳ ಮೊದಲು ಸಿಗುತ್ತದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಗುರುವಿನೆದುರು ಕೂತು ಕಲಿತದ್ದು ಇಲ್ಲಿ. ಭೀಮಸೇನ ಜೋಶಿಯವರು ಗುರುಗೃಹದಲ್ಲಿ ನೀರು ಹೊತ್ತು ಹಾಡು ಕಲಿತದ್ದೂ ಇಲ್ಲಿಯೇ. ಸಂಗೀತವೆಂದರೆ ಸ್ಪರ್ಧೆಯ ವೇದಿಕೆಯೆಂದು ತಿಳಿದಿರುವ ಮಕ್ಕಳಿಗೆ ಆ ಹಾದಿಯ ಪ್ರಯಾಣವೇ ಒಂದು ಪಾಠ. ಮುಂದೆ ಶರೀಫರ ಶಿಶುನಾಳ. ಮುಸಲ್ಮಾನ ಶಿಷ್ಯನೂ ಬ್ರಾಹ್ಮಣ ಗುರು ಗೋವಿಂದಭಟ್ಟರೂ ಕೂಡಿ ನಡೆದ ನೆಲ. ಸವಣೂರಿನಲ್ಲಿ ಆಫ್ರಿಕೆಯ ಮೂಲದ ಬೃಹತ್ ಮರಗಳಿವೆ. ಊರವರು ಅವನ್ನು ದೊಡ್ಡಹುಣಸೆಯೆಂದು ಕರೆದು ಮಠಕ್ಕೇ ಆ ಹೆಸರನ್ನಿಟ್ಟಿದ್ದಾರೆ. ಬಂಕಾಪುರದ ಕೋಟೆಯೊಳಗೆ ನಗರೇಶ್ವರನ ಗುಡಿಯಿದೆ, ಸುತ್ತಲೂ ನವಿಲುಗಳಿವೆ.

ಜನಸಂದಣಿಯಿಲ್ಲದ ಊರಿಗೆ ಒಂದು ವಿಶೇಷ ಗುಣವುಂಟು. ಪ್ರಸಿದ್ಧ ಸ್ಥಳದಲ್ಲಿ ಏನನ್ನು ನೋಡಬೇಕು, ಎಲ್ಲಿ ನಿಂತು ಚಿತ್ರ ತೆಗೆಯಬೇಕು, ಏನನ್ನು ಕಂಡು ಬೆರಗಾಗಬೇಕು ಎಂಬುದೆಲ್ಲ ಮೊದಲೇ ನಿಶ್ಚಿತವಾಗಿರುತ್ತದೆ. ಅಪರಿಚಿತ ಪಟ್ಟಣದಲ್ಲಿ ಹಾಗಲ್ಲ, ಅಲ್ಲಿ ಕೇಳಬೇಕಾಗುತ್ತದೆ. ಗುಡಿ ಎತ್ತ ಎಂದು ಚಹದಂಗಡಿಯವನನ್ನು ಕೇಳಬೇಕು. ಕೀಲಿಕೈ ಯಾರ ಹತ್ತಿರವೆಂದು ಅರ್ಚಕರ ಮನೆಯಲ್ಲಿ ವಿಚಾರಿಸಬೇಕು. ಮನೆಯಲ್ಲಿ ಎಲ್ಲವನ್ನೂ ಬಲ್ಲವನಂತಿರುವ ತಂದೆ ಇನ್ನೊಬ್ಬರನ್ನು ವಿನಯದಿಂದ ಕೇಳಿ ತಿಳಿದುಕೊಳ್ಳುವುದನ್ನು ಮಕ್ಕಳು ಕಾಣುವ ಸಂದರ್ಭಗಳು ಎಷ್ಟಿವೆ? ಇನ್ನು ಹಿರಿಯರ ಮಾತು. ನೂಕುನುಗ್ಗಲಿನ ಸ್ಥಳಗಳಲ್ಲಿ ಅಜ್ಜಿ ವಾಹನದಲ್ಲಿಯೇ ಉಳಿಯುತ್ತಾಳೆ, ಇಲ್ಲವೆ ಮನೆಯಲ್ಲಿಯೇ ಉಳಿಯುತ್ತಾಳೆ. ಗುಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಚ್ಚಿಕೊಡುತ್ತ, ಗೋಡೆಯ ಮೇಲಿನ ಶಿಲ್ಪದ ಕಥೆ ಯಾವುದೆಂದು ಮೊಮ್ಮಕ್ಕಳಿಗೆ ಹೇಳುವ ಅವಕಾಶ ಅವಳಿಗೆ ದೊರೆಯುವುದು ಇಂಥ ಊರುಗಳಲ್ಲಿ. ಕುಟುಂಬದ ಪ್ರವಾಸವೆಂಬ ಹೆಸರು ಆಗ ಸಾರ್ಥಕವಾದೀತು.

ಈ ಮಾತಿಗೆ ಆಕ್ಷೇಪಣೆಗಳಿಲ್ಲವೆಂದಲ್ಲ. ಅಂಥ ಊರುಗಳಲ್ಲಿ ಶುಚಿಯಾದ ಶೌಚಗೃಹವಿಲ್ಲ, ಕುಡಿಯುವ ನೀರಿಲ್ಲ, ತಂಗಲು ತಕ್ಕ ಸ್ಥಳವಿಲ್ಲ ಎಂಬ ದೂರು ಅನೇಕ ಕಡೆ ನಿಜವಾದದ್ದೇ. ಹೆಣ್ಣುಮಕ್ಕಳಿಗೂ ವೃದ್ಧರಿಗೂ ಅದು ಸಣ್ಣ ತೊಂದರೆಯಲ್ಲ. ಪುರಸಭೆಗಳೂ ಪಂಚಾಯತಿಗಳೂ ಲಕ್ಷ್ಯವಿಡಬೇಕಾದದ್ದು ಇದಕ್ಕೆ. ಬೇಕಾದುದು ಭವ್ಯವಾದ ವಿಹಾರಧಾಮವಲ್ಲ. ನೀರು, ನೆರಳು, ಶೌಚಗೃಹ, ಮತ್ತು ತಪ್ಪಿಲ್ಲದ ಕನ್ನಡದಲ್ಲಿ ಬರೆದ ಒಂದು ಫಲಕ. ಹೋಗುವ ವೆಚ್ಚದ ನೆವವಂತೂ ಈಗ ಕುಂದಿದೆ. ೨೦೨೩ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣ ಬೇಕಿಲ್ಲ. ಆ ಅನುಕೂಲ ಹೆಸರಾದ ಕ್ಷೇತ್ರಗಳ ಜನಸಂದಣಿಯನ್ನು ಹೆಚ್ಚಿಸಿತು. ಡಂಬಳದ ದಾರಿಯನ್ನೂ ಅದು ತೆರೆದಿದೆಯೆಂಬುದು ನಮಗಿನ್ನೂ ಹೊಳೆದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು. ಎಲ್ಲರೂ ಈ ಊರುಗಳಿಗೆ ಹೊರಟರೆ ಇವೂ ಊಟಿಯಂತಾಗಲಾರವೆ? ಊಟಿಗೆ ಹೋಗುವ ವಾಹನಗಳು ಮುಂಗಡ ಅನುಮತಿ ಪಡೆಯಬೇಕೆಂಬ ನಿಯಮವನ್ನು ೨೦೨೪ರ ಮೇ ತಿಂಗಳಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ತರಬೇಕಾಯಿತು. ಅದೇ ವರ್ಷ ವೆನಿಸ್ ನಗರವು ಒಂದು ದಿನದ ಮಟ್ಟಿಗೆ ಬರುವ ಪ್ರವಾಸಿಗಳಿಂದ ಶುಲ್ಕ ವಸೂಲಿಗೆ ತೊಡಗಿತು. ಭಯ ನಿರಾಧಾರವಲ್ಲ. ಆದರೆ ಊರು ಕೆಡುವುದು ಬಂದವರ ಸಂಖ್ಯೆಯಿಂದ ಮಾತ್ರವಲ್ಲ, ಅವರ ನಡತೆಯಿಂದ. ಲಕ್ಕುಂಡಿಯಲ್ಲಿ ಗುಡಿಗಳ ನಡುವೆಯೇ ಮನೆಗಳಿವೆ. ೨೦೧೦ರ ತಿದ್ದುಪಡಿಯ ಮೇರೆಗೆ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಗಿನ ೨೦೦ ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಕಾನೂನು ಅವಶ್ಯಕವೇ. ಆದರೆ ಅದರ ಭಾರವನ್ನು ಹೊತ್ತವರು, ಮಗನ ಮದುವೆಗೆಂದು ಇನ್ನೊಂದು ಕೋಣೆ ಕಟ್ಟಲಾಗದ ಆ ಊರಿನ ಸಾಮಾನ್ಯ ಜನರು. ನಾವು ಹಾಯಾಗಿ ನೋಡಿ ಬರುವ ಸೌಂದರ್ಯವನ್ನು ಅವರು ಕಷ್ಟಪಟ್ಟು ಕಾದಿದ್ದಾರೆ. ಅಲ್ಲಿಯ ಖಾನಾವಳಿಯಲ್ಲಿ ಉಂಡು, ಅಲ್ಲಿಯ ಅಂಗಡಿಯಲ್ಲಿ ಕೊಂಡು, ಕಸವನ್ನು ಅಲ್ಲಿ ಬಿಡದೆ, ಅಂಗಳದಲ್ಲಿ ಕೂತವರಿಗೆ ನಮಸ್ಕಾರ ಹೇಳಿ ಬರುವುದು ಅತಿಥಿಯ ಕನಿಷ್ಠ ಧರ್ಮ. ಬಳಗದ ಊರಿಗೆ ಹೋಗುತ್ತಿದ್ದ ಹಿರಿಯರಿಗೆ ಈ ಧರ್ಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆದುದರಿಂದ ನಮ್ಮ ಸೂಚನೆ ಸರಳವಾದದ್ದು. ಪ್ರತಿ ಸೂಟಿಯಲ್ಲಿ ಒಂದು ನೆರೆಯೂರು. ಒಂದು ದಿನಕ್ಕೆ ಒಂದೇ, ಹೆಚ್ಚೆಂದರೆ ಎರಡು. ಹೋಗುವ ಮುನ್ನ ಆ ಊರಿಗೆ ಸಂಬಂಧಿಸಿದ ಒಂದು ಪುಸ್ತಕವನ್ನು ಮನೆಯವರೆಲ್ಲ ಕೂಡಿ ಓದಲಿ. ಶಾಲೆಗಳು ಒಂದೇ ದಿನದಲ್ಲಿ ಐದು ಸ್ಥಳಗಳನ್ನು ಸುತ್ತಿಸುವ ಪ್ರವಾಸಕ್ಕೆ ಬದಲಾಗಿ, ಮಕ್ಕಳು ಒಂದು ಪಟ್ಟಣದ ಓಣಿಗಳಲ್ಲಿ ನಡೆದು, ಅಲ್ಲಿಯ ಒಬ್ಬ ನೇಕಾರನನ್ನೋ ಒಬ್ಬ ಹಾಡುಗಾರನನ್ನೋ ಮಾತನಾಡಿಸಿ ಬರೆದುಕೊಂಡು ಬರುವಂತೆ ಮಾಡಲಿ. ಜಗತ್ತಿನಲ್ಲಿಯೇ ಅತಿ ಉದ್ದದ ರೈಲು ಫಲಾಟು ನಮ್ಮ ಹುಬ್ಬಳ್ಳಿಯದೆಂದು ೨೦೨೩ರಿಂದ ನಾವು ಹೆಮ್ಮೆಪಡುತ್ತಿದ್ದೇವೆ; ಅದರ ಉದ್ದ ೧೫೦೭ ಮೀಟರು. ದೂರದ ನಗರಗಳ ಗಾಡಿಗಳು ಅಲ್ಲಿಂದ ಹೊರಡುವಂತೆ ಗದುಗಿನ ಗಾಡಿಯೂ ಕುಂದಗೋಳದ ಗಾಡಿಯೂ ಅದೇ ನಿಲ್ದಾಣದಿಂದ ಹೊರಡುತ್ತವೆ. ಬರುವ ಸೂಟಿಯಲ್ಲಿ ಕೆಲವು ಮನೆತನಗಳಾದರೂ ಬುತ್ತಿಗಂಟಿನೊಡನೆ, ಅಜ್ಜ-ಅಜ್ಜಿಯರೊಡನೆ, ಆ ಗಾಡಿಗಳನ್ನೇರಲಿ.